ನಮ್ಮ ಮಾವನವರ ಮುನ್ನೂರ ಅರವತ್ತಾರು ದಿನಗಳು

ಲೋಕದಲ್ಲಿ ಎಲ್ಲರ ಮನೆಯಲ್ಲೂ ಸುಮ್ಮನೆ ಬೆಳಗಾಗುತ್ತದೆ. ನಮ್ಮ ಮನೆಯಲ್ಲಿ ಮಾತ್ರ ಬೆಳಗಾಗುವುದಕ್ಕೂ ಒಂದು ಕಾರಣ ಬೇಕಾಗಿತ್ತು! ಆ ಕಾರಣವನ್ನು ಹುಡುಕಿಕೊಡುವ ಕೆಲಸ ನಮ್ಮ ಮಾವನವರದು. ಅವರು ಮುಖ ತೊಳೆದು, ಕನ್ನಡಕ ಒರೆಸಿ, ಮಣೆಯ ಮೇಲೆ ಕೂತು ‘ಈ ದಿನ...’ ಎಂದು ಶುರು ಮಾಡಿದರೆಂದರೆ ಸೂರ್ಯನೂ ಒಂದು ಗಳಿಗೆ ಕಾಫಿ ತೋಟದ ಸಿಲ್ವರ್ ಓಕ್ ಮರದ ಹಿಂದೆ ನಿಂತು ಕೇಳಿಸಿಕೊಂಡು, ಆಮೇಲೆ ಮೇಲೆ ಬರುತ್ತಿದ್ದ ಎಂದು ನನ್ನ ಅನುಮಾನ. ಈ ದಿನ ಯಾವುದೋ ದೇಶದಲ್ಲಿ ಯುದ್ಧ ನಿಂತಿತು. ಈ ದಿನ ಯಾವನೋ ಪುಣ್ಯಾತ್ಮ ಒಂದು ಯಂತ್ರ ಕಂಡುಹಿಡಿದ. ಈ ದಿನ ಎಲ್ಲಿಯೋ ಭೂಮಿ ನಡುಗಿತು. ಹುಟ್ಟಿದವರೆಷ್ಟು, ಸತ್ತವರೆಷ್ಟು, ಪಟ್ಟಕ್ಕೆ ಬಂದವರೆಷ್ಟು, ಪಟ್ಟ ಬಿಟ್ಟು ಓಡಿದವರೆಷ್ಟು! ಇಷ್ಟೆಲ್ಲ ಮುಗಿದ ಮೇಲೆ ನಮಗೆ ಒಂದು ಲೋಟ ಕಾಫಿ.

ಇದು ಕೊಡಗು ಇನ್ನೂ ಜಿಲ್ಲೆಯಾಗದೆ ತಾನೇ ಒಂದು ರಾಜ್ಯವಾಗಿದ್ದ ಕಾಲದ ಮಾತು. ಮಡಿಕೇರಿ ರಾಜಧಾನಿ! ನಾನು ಮೈಸೂರು ರಾಜ್ಯದ ಅರಕಲಗೂಡಿನ ಕಡೆಯ ಹಳ್ಳಿಯವಳು. ಹಾಗಾಗಿ ಕತೆಯ ರಾಜಕುಮಾರಿಯ ಹಾಗೆ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸೊಸೆಯಾಗಿ ಹೋದೆ. ಆನೆ, ಕುದುರೆ, ಪಲ್ಲಕ್ಕಿಗಳ ಬದಲು ಒಂದು ಬಸ್ಸು, ಒಂದು ಟ್ರಂಕು, ದಾರಿಯುದ್ದ ವಾಂತಿ, ಅಷ್ಟೇ ವ್ಯತ್ಯಾಸ. ಮಾವನವರ ತಂದೆಯೂ ನಮ್ಮ ಕಡೆಯಿಂದಲೇ ಹೋಗಿ ಕುಶಾಲನಗರದ ಹತ್ತಿರ ಬೇಸಾಯಕ್ಕೆ ನಿಂತವರಂತೆ. ಮಾವನವರ ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗಿತ್ತು. ಆ ಅಕ್ಷರವೇ ಅವರನ್ನು ನೇಗಿಲಿನಿಂದ ಬಿಡಿಸಿ, ಸಿದ್ದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರನ್ನಾಗಿ ಮಾಡಿತು. ಎಸ್ಟೇಟಿನ ರೈಟರ್ ಎಂದರೆ ಪುಸ್ತಕ ಬರೆಯುವವರಲ್ಲ. ಬೆಳಿಗ್ಗೆ ಆಳುಗಳ ಹೆಸರು ಕೂಗಿ ಚೆಕ್‌ರೋಲ್ ಎಂಬ ಹಾಜರಿ ಪುಸ್ತಕ ತುಂಬುವವರು. ಆದರೆ ನಮ್ಮ ಮಾವನವರು ಪುಸ್ತಕವನ್ನೂ ಬರೆದರು. ಪೇಚು ಶುರುವಾದದ್ದೇ ಅಲ್ಲಿ!

ಮದುವೆಯಾಗಿ ಮೊದಲ ಸಲ ಹೊಸಿಲ ಮುಂದೆ ನಿಂತಿದ್ದೇನೆ. ಮುಂದೆ ಅಕ್ಕಿ ತುಂಬಿದ ಸೇರು. ಇನ್ನೇನು ಬಲಗಾಲಲ್ಲಿ ಒದೆಯಬೇಕು, ಮಾವನವರು ಅಡ್ಡ ಬಂದರು.

‘ನೀ ಹುಟ್ಟಿದ ತಾರೀಖು ಯಾವ್ದಮ್ಮ?’

ನಮ್ಮೂರಲ್ಲಿ ಯಾರಿಗೂ ಯಾರೂ ಈ ಪ್ರಶ್ನೆ ಕೇಳಿದ್ದಿಲ್ಲ. ‘ಹುಚ್ಚೆಳ್ಳು ಹೂ ಬಿಟ್ಟಿತ್ತಂತೆ’ ಎಂದೆ ಮೆಲ್ಲಗೆ.

ಮಾವನವರು ಎದೆಯ ಮೇಲೆ ಕೈಯಿಟ್ಟುಕೊಂಡು ಜಗುಲಿಯ ಮೇಲೆ ಕೂತುಬಿಟ್ಟರು. ‘ತಾರೀಖೇ ಇಲ್ವಾ? ಹಂಗಾದ್ರೆ ಈ ಹುಡುಗಿ ಹುಟ್ಟಿದ್ದಕ್ಕೆ ಪುರಾವೆ ಏನು?’

ಒಳಗಿನಿಂದ ಅತ್ತೆಯವರ ದನಿ ಬಂತು. ‘ಮೊದ್ಲು ಒಳಕ್ಕೆ ಬರ್ಲಿ ಬಿಡ್ರೀ. ಹುಟ್ಟದು ಆಮೇಲ್ ಹುಟ್ತಾಳೆ!’

ಅತ್ತೆಯವರ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಆ ದಿನ. ಅದರ ತಾರೀಖು ಮಾವನವರ ಪುಸ್ತಕದಲ್ಲಿಲ್ಲ.

ಪುಸ್ತಕ ಎಂದೆನಲ್ಲ, ಅದು ಎಸ್ಟೇಟಿನಲ್ಲಿ ಬಳಸದೆ ಉಳಿದಿದ್ದ ಒಂದು ದೊಡ್ಡ ಚೆಕ್‌ರೋಲ್. ದಿನಕ್ಕೊಂದು ಪುಟದಂತೆ ಮುನ್ನೂರ ಅರವತ್ತಾರು ಪುಟ. ನಾಲ್ಕು ವರ್ಷಕ್ಕೊಮ್ಮೆ ಬರುವ ಫೆಬ್ರವರಿ ಇಪ್ಪತ್ತೊಂಬತ್ತಕ್ಕೂ ಪಾಪ, ಒಂದು ಪುಟ! ಎಸ್ಟೇಟಿನ ಸಾಹುಕಾರರು ಕೊಟ್ಟಿದ್ದ ಒಂದು ಹಳೆಯ ಇಂಗ್ಲಿಷ್ ಪಂಚಾಂಗದಿಂದ ಮಾವನವರು ಕೆಲವು ಸಂಗತಿಗಳನ್ನು ಇಳಿಸಿಕೊಂಡಿದ್ದರು. ಮಿಕ್ಕಿದ್ದೆಲ್ಲ ಬಂದದ್ದು ಸಿದ್ದಾಪುರದಲ್ಲಿ ಎಲ್ಲರೂ ಕಾಕ ಎನ್ನುತ್ತಿದ್ದ ಮಲಯಾಳಿಯವರ ದಿನಸಿ ಅಂಗಡಿಯಿಂದ, ಬೆಲ್ಲ ಮೆಣಸಿನಕಾಯಿ ಕಟ್ಟಿಕೊಡುವ ಹಳೆಯ ಪೇಪರುಗಳಿಂದ.

‘ಎಂದಾ ರೈಟ್ರೇ, ಬೆಲ್ಲ ಬೇಕಾ, ಬೆಲ್ಲದ ಪೇಪರ್ ಬೇಕಾ?’ ಎಂದು ಕಾಕ ಮಲಯಾಳ ಬೆರೆಸಿ ನಗುತ್ತಿದ್ದರು.

‘ಮೊದ್ಲು ಪೇಪರ್ ತೋರ್ಸಿ. ಆಮೇಲೆ ಬೆಲ್ಲದ ಮಾತು.’

ಪೇಪರು ನೋಡಿ ಸಾಮಾನು ಕೊಳ್ಳುವ ಗಿರಾಕಿಯನ್ನು ನೀವು ಕಂಡಿದ್ದೀರಾ? ನಮ್ಮ ಮನೆಯಲ್ಲಿ ಒಮ್ಮೊಮ್ಮೆ ಮೂರು ತಿಂಗಳಿಗಾಗುವಷ್ಟು ಕೊತ್ತಂಬರಿ ಬೀಜ ಇದ್ದು, ಉಪ್ಪು ಒಂದು ಹರಳೂ ಇರುತ್ತಿರಲಿಲ್ಲ. ಯಾಕೆಂದರೆ ಆ ವಾರ ಉಪ್ಪಿನ ಪೇಪರಿನಲ್ಲಿ ಬರೀ ಟಾನಿಕ್ಕಿನ ಜಾಹೀರಾತು!

ಒಂದು ಸಲ ಬೆಲ್ಲದ ಪೊಟ್ಟಣ ಬಿಚ್ಚಿದರೆ ಪೇಪರಿನಲ್ಲಿ ದಪ್ಪಕ್ಷರ: ಇಂಥ ದಿನ ಮಹಾನುಭಾವರೊಬ್ಬರು ಕಾಲವಾದರು. ಯಾರು? ಅಷ್ಟರಲ್ಲೇ ಪೇಪರು ಹರಿದಿತ್ತು. ಮಾವನವರು ಹಾಕಿದ ಚಪ್ಪಲಿಯಲ್ಲೇ ಕಾಕನ ಅಂಗಡಿಗೆ ಓಡಿದರು. ಇನ್ನರ್ಧ ಪೇಪರು ಒಣಮೆಣಸಿನಕಾಯಿಯ ಜೊತೆ ಅಮ್ಮತ್ತಿ ದಾರಿಯ ಒಂದು ಮನೆಗೆ ಹೋಗಿತ್ತು. ಎರಡು ಮೈಲಿ ನಡೆದು ಆ ಮನೆಯ ಬಾಗಿಲು ತಟ್ಟಿದರು. ಆ ಮನೆಯ ಕೊಡವ ಅಜ್ಜಿ ಇವರನ್ನು ಕೂರಿಸಿ, ಕಾಫಿ ಕೊಟ್ಟು, ಎಲ್ಲ ಕೇಳಿ, ‘ಅಯ್ಯೋ, ಈಗ ತಾನೆ ಒಲೆ ಹಚ್ಚಿದೆ ರೈಟ್ರೇ. ನೀವು ಕುಡ್ದ ಕಾಫಿ ಅದ್ರಲ್ಲೇ ಕಾದದ್ದು’ ಎಂದರಂತೆ!

ಆ ದಿನದ ಪುಟದಲ್ಲಿ ಇವತ್ತಿಗೂ ಹೀಗಿದೆ: ‘ಈ ದಿನ ಒಬ್ಬ ಮಹಾನುಭಾವರು ಕಾಲವಾದರು. ಹೆಸರು ಒಲೆಗೆ ಹೋಯಿತು.’ ಪ್ರತಿ ವರ್ಷವೂ ಆ ದಿನ ನಾವೆಲ್ಲ ಆ ಹೆಸರಿಲ್ಲದವರಿಗಾಗಿ ಒಂದು ನಿಮಿಷ ಎದ್ದು ನಿಲ್ಲುತ್ತಿದ್ದೆವು.

ಬರೀ ನಿಂತರೆ ಮುಗಿಯಿತೆ? ಆಚರಣೆಯ ನಿಯಮ ಅಡುಗೆಮನೆಗೂ ಬಂತು. ದೊಡ್ಡವರು ತೀರಿಕೊಂಡ ದಿನ ಸಾರಿಗೆ ಒಗ್ಗರಣೆ ಇಲ್ಲ. ಸಾಸಿವೆ ಚಟಪಟ ಎನ್ನುವುದು ಸತ್ತವರಿಗೆ ಅಗೌರವವಂತೆ! ಹುಟ್ಟಿದ ದಿನವಾದರೆ ಒಗ್ಗರಣೆಯೂ ಉಂಟು, ಜೊತೆಗೆ ಪಾಯಸ. ಅತ್ತೆಯವರು ಬೆಳಿಗ್ಗೆ ಬಾಣಲೆ ಹಿಡಿದುಕೊಂಡೇ ಕೇಳುತ್ತಿದ್ದರು, ‘ಇವತ್ತು ಯಾರು ಬಂದ್ರು, ಯಾರು ಹೋದ್ರು? ಬೇಗ ಹೇಳಿ, ಎಣ್ಣೆ ಕಾದೈತೆ!’ ಅಮ್ಮತ್ತಿಯ ಸ್ಕೂಲಿನಲ್ಲಿ ಮೇಷ್ಟರಾಗಿದ್ದ ನನ್ನ ಗಂಡ ಸಂಜೆ ಬಂದು ಒಂದು ತುತ್ತು ಬಾಯಿಗಿಟ್ಟು, ‘ಓ, ಇವತ್ತು ಯಾರೋ ಹೋಗಿದಾರೆ’ ಎಂದು ಗಂಭೀರವಾಗುತ್ತಿದ್ದರು. ಚರಿತ್ರೆಯನ್ನು ನಾಲಿಗೆಯಿಂದ ಕಲಿತ ಮೇಷ್ಟರು ಅವರೊಬ್ಬರೇ ಇರಬೇಕು.

ಸಪ್ಪೆ ಸಾರು ಉಂಡು ಉಂಡು ಸಾಕಾಗಿ ಅತ್ತೆಯವರು ಒಂದು ಉಪಾಯ ಮಾಡಿದರು. ಯಾರಾದರೂ ತೀರಿಕೊಂಡ ದಿನ ಬಂತೆಂದರೆ, ‘ಅಯ್ಯೋ, ಇವತ್ತು ನಮ್ಮಜ್ಜಿ ಹುಟ್ಟಿದ್ ದಿನ ಕಣ್ರೀ, ಈಗ ಗ್ಯಾಪ್ನ ಬಂತು’ ಎನ್ನುವುದು. ಮಾವನವರು ಶ್ರದ್ಧೆಯಿಂದ ಬರೆದುಕೊಂಡರು. ಒಂದು ವರ್ಷದ ಮೇಲೆ ಪುಟ ತಿರುವಿ ನೋಡಿದರೆ ಆ ಅಜ್ಜಿ ಏಳು ಸಲ ಹುಟ್ಟಿದ್ದರು!

‘ಏನೇ ಇದು? ನಿಮ್ಮಜ್ಜಿ ಏಳು ಸಲ ಹುಟ್ಟಿದಾರಲ್ಲ?’

‘ಏಳು ಜನ್ಮಕ್ಕೂ ನೀವೇ ಮೊಮ್ಮಗಳ ಗಂಡ ಆಗ್ಲಿ ಅಂತ’ ಎಂದು ಅತ್ತೆಯವರು ಸೆರಗಿನಲ್ಲಿ ನಗು ಮುಚ್ಚಿಕೊಂಡರು. ಮಾವನವರು ಏಳರಲ್ಲಿ ಆರನ್ನು ಹೊಡೆದುಹಾಕಿದರು. ಒಂದನ್ನು ಯಾಕೆ ಉಳಿಸಿದರೋ ತಿಳಿಯದು. ಆ ದಿನ ನಮಗೆ ಪಾಯಸ.

ನನ್ನ ಹುಟ್ಟನ್ನು ಅವರು ಅಷ್ಟಕ್ಕೇ ಬಿಡುವವರೇ? ನನ್ನ ತಂದೆಗೆ ಕಾಗದ ಬರೆದರು. ಯೋಗಕ್ಷೇಮ ಎಲ್ಲ ಮರೆತು, ‘ತಮ್ಮ ಮಗಳ ವಿಷಯದಲ್ಲಿ ಒಂದು ಮುಖ್ಯ ಸಂಗತಿಯನ್ನು ತಾವು ನಮಗೆ ತಿಳಿಸಿಲ್ಲ. ಕೂಡಲೇ ತಿಳಿಸತಕ್ಕದ್ದು’ ಎಂದಷ್ಟೇ ಬರೆದಿದ್ದರು. ಹೆಣ್ಣು ಹೆತ್ತವರಿಗೆ ಇಂಥ ಕಾಗದ ಬಂದರೆ ಏನಾಗಬೇಡ! ಮೂರನೆಯ ದಿನಕ್ಕೆ ಅಪ್ಪ ಒಂದು ಹಲಸಿನಹಣ್ಣು ಹೊತ್ತುಕೊಂಡು, ಮುಖ ಬಿಳಿಚಿಕೊಂಡು ಅಂಗಳದಲ್ಲಿ ನಿಂತಿದ್ದರು.

‘ಏನ್ ತಪ್ಪಾಯ್ತು ಬೀಗ್ರೇ? ಹುಡ್ಗಿ ಏನ್ ಮಾಡುದ್ಲು?’

‘ಹುಡುಗಿದೇನೂ ತಪ್ಪಿಲ್ಲ. ತಪ್ಪು ನಿಮ್ದೇ. ಮಗಳು ಹುಟ್ಟಿದ್ ದಿನ ಬರೆದಿಟ್ಕೊಂಡಿಲ್ವಲ್ಲ ನೀವು!’

ಅಪ್ಪ ಹಲಸಿನಹಣ್ಣಿನ ಸಮೇತ ಅಲ್ಲೇ ಕುಸಿದು ಕೂತರು. ಬೈಯಲೂ ಆಗದು, ನಗಲೂ ಆಗದು. ಆಮೇಲೆ ಮಧ್ಯಾಹ್ನವಿಡೀ ಜಗುಲಿಯ ಮೇಲೆ ವಿಚಾರಣೆ. ಯಾವ ವಾರ? ಸಂತೆಯ ದಿನವೇ? ಸಂತೆಗೆ ಏನು ಮಾರಲು ಹೋಗಿದ್ದಿರಿ? ಸಂತೆಗೆ ಸುದ್ದಿ ತಂದವರು ಯಾರು? ಅಪ್ಪ ಯೋಚಿಸುತ್ತಾ ಯೋಚಿಸುತ್ತಾ ಮೆತ್ತಗಾದರು. ‘ಎರಡು ಹೋರಿಕರ ಹೊಡ್ಕೊಂಡು ಹೋಗಿದ್ದೆ. ಯಾರೋ ಬಂದು ಹೆಣ್ಣು ಅಂದ್ರು. ಮಾರ್ದೇ ವಾಪಸ್ ಹೊಡ್ಕೊಂಡು ಬಂದ್ಬಿಟ್ಟೆ. ದಾರೀಲಿ ಇಡೀ ಹೊಲ ಹುಚ್ಚೆಳ್ಳು ಹಳದಿ...’ ಎಂದು ನನ್ನ ಕಡೆ ನೋಡಿದರು. ಅಪ್ಪ ಹಿಂದೆಂದಾದರೂ ನನ್ನನ್ನು ಹಾಗೆ ನೋಡಿದ್ದು ನನಗೆ ನೆನಪಿರಲಿಲ್ಲ.

ಕೊನೆಗೆ ನನ್ನ ಹುಟ್ಟು ವಾರದ ಅಂತರದ ಎರಡು ಸಂತೆಗಳ ನಡುವೆ ಸಿಕ್ಕಿಕೊಂಡಿತು. ಯಾವ ಸಂತೆ ಎಂದು ಅಪ್ಪನಿಗೂ ಗೊತ್ತಿಲ್ಲ. ಮಾವನವರು ಯೋಚಿಸಿ ಎರಡು ಪುಟದಲ್ಲೂ ನನ್ನನ್ನು ಬರೆದರು. ಹೀಗಾಗಿ ನನಗೆ ವರ್ಷಕ್ಕೆ ಎರಡು ಹುಟ್ಟುಹಬ್ಬ. ‘ಪಾಪ, ಎರಡೆರಡು ಸಲ ವಯಸ್ಸಾಗ್ತದಲ್ಲೇ ನಿಂಗೆ’ ಎಂದು ಅತ್ತೆಯವರು ಮರುಗಿದರು.

ಎಸ್ಟೇಟಿನಲ್ಲಿ ಮಾವನವರ ಅವತಾರವೇ ಬೇರೆ. ಬೆಳಿಗ್ಗೆ ಸ್ಟೋರಿನ ಮುಂದಿನ ಅಂಗಳದಲ್ಲಿ ಆಳುಗಳು ಸಾಲಾಗಿ ನಿಂತಾಗ, ಹೆಸರು ಕೂಗುವ ಮೊದಲು ಆ ದಿನದ ಲೋಕವಾರ್ತೆ ಹೇಳದೆ ಬಿಡುತ್ತಿರಲಿಲ್ಲ. ಆ ಸಾಲಿನಲ್ಲಿ ತಮಿಳು, ಮಲಯಾಳ, ತುಳು, ಕನ್ನಡ ಎಲ್ಲ ಇದ್ದವು. ಮೇಸ್ತ್ರಿ ಅದನ್ನು ಎಲ್ಲರಿಗೂ ತಿಳಿಯುವಂತೆ ತರ್ಜುಮೆ ಮಾಡಬೇಕು. ಮಾವನವರು, ‘ಈ ದಿನ ದೂರದ ಒಂದು ದೇಶದಲ್ಲಿ ಜನರೆಲ್ಲ ಸೇರಿ ಅರಸನನ್ನು ಕೆಳಗಿಳಿಸಿದರು’ ಎಂದರೆ, ಮೇಸ್ತ್ರಿ ನಾಲ್ಕು ಭಾಷೆಯಲ್ಲೂ, ‘ಇವತ್ತು ಕಾಫಿಹಣ್ಣು ಕಿತ್ತು ಬುಟ್ಟಿ ಪೂರ್ತಿ ತುಂಬಿಸ್ಬೇಕಂತೆ’ ಎನ್ನುತ್ತಿದ್ದ. ಸಾಹುಕಾರರು ಜೀಪಿನಿಂದಲೇ, ‘ಎಂತ ರೈಟ್ರೇ, ಪಿಕ್ಕಿಂಗ್ ಶುರು ಮಾಡಿ ಮಾರಾಯ್ರೇ. ಆ ಅರಸ ಮಧ್ಯಾಹ್ನದವರೆಗೆ ಕಾಯ್ತಾನೆ!’ ಎನ್ನುವುದು.

ಒಂದು ದಿನ ಸಾಲಿನಲ್ಲಿದ್ದ ಒಬ್ಬ ಮುದುಕಿ ಕೇಳಿಯೇಬಿಟ್ಟಳಂತೆ. ‘ರೈಟ್ರೇ, ದೊಡ್ಡೋರು ಮಾತ್ರ ಹುಟ್ಟೋದಾ? ನಾವೆಲ್ಲ ಏನು, ಮಳೆಗೆ ಎದ್ದ ಅಣಬೆಯಾ?’

ಸಾಲಿಗೆ ಸಾಲೇ ನಕ್ಕಿತಂತೆ. ಮಾವನವರು ನಗಲಿಲ್ಲ. ಮನೆಗೆ ಬಂದವರು ಅರ್ಧ ಊಟಕ್ಕೇ ಎದ್ದರು. ‘ಒಗ್ಗರಣೆ ಹಾಕಿದ್ದು ತಪ್ಪಾಯ್ತಾ?’ ಎಂದು ಅತ್ತೆಯವರು ಹೆದರಿದರು.

ಮರುದಿನದಿಂದ ಪಿಕ್ಕಿಂಗ್ ಮುಗಿದ ಮೇಲೆ ಸಂಜೆ ಮಾವನವರು ಲೈನುಗಳಲ್ಲಿ, ಅಂದರೆ ಆಳುಗಳು ವಾಸವಾಗಿದ್ದ ಸಾಲುಮನೆಗಳಲ್ಲಿ, ತಿರುಗತೊಡಗಿದರು. ನೀನು ಹುಟ್ಟಿದಾಗ ಕಾಫಿ ಹೂ ಬಿಟ್ಟಿತ್ತೋ ಇಲ್ಲವೋ? ಹುತ್ತರಿ ಹಬ್ಬದ ಮುಂಚೆಯೋ ಆಮೇಲೆಯೋ? ಸುಮ್ಮನೆ ಊಹೆ ಮಾಡಿ ಬರೆಯುವ ಜಾತಿ ಅವರದಲ್ಲ. ಒಬ್ಬರ ಹುಟ್ಟಿಗೆ ಇಬ್ಬರು ಸಾಕ್ಷಿ ಬೇಕೇಬೇಕು. ಸಾಕ್ಷಿಗಳು ಒಪ್ಪಬೇಕಲ್ಲ! ‘ಆನೆ ಬಂದು ನೀರಿನ ತೊಟ್ಟಿ ಒಡೆದ ಮಾರನೇ ದಿನ’ ಎಂದು ಒಬ್ಬಳು. ‘ಅದಲ್ಲ, ಅದು ಒಂಟಿಕೊಂಬಿನ ಆನೆ. ಇವನು ಹುಟ್ಟಿದ್ದು ಬಾಳೆ ತಿಂದ ಆನೆ ಬಂದಾಗ’ ಎಂದು ಇನ್ನೊಬ್ಬಳು. ಆನೆಗಳ ಜಗಳ ಒಂದು ತಿಂಗಳು ನಡೆಯಿತು. ಎಸ್ಟೇಟಿನ ಹಳೆಯ ದಿನಚರಿಗಳನ್ನೆಲ್ಲ ಕೆದಕಿ ತೊಟ್ಟಿ ರಿಪೇರಿಯಾದ ದಿನ ಹುಡುಕಿ, ಮಾವನವರು ಗೆದ್ದು ಬಂದರು. ‘ಒಂಟಿಕೊಂಬೇ ಸರಿ ಕಣೇ!’ ಎಂದು ಅಂಗಳದಿಂದಲೇ ಕೂಗಿದರು. ಯಾರೋ ಬಂದಿದ್ದಾರೆಂದು ಅತ್ತೆಯವರು ಚಾಪೆ ಹಾಸಿದರು.

ಹೀಗಿರುವಾಗ ಬಂತು ನೋಡಿ, ಕೊಡಗು ರಾಜ್ಯ ಮೈಸೂರು ರಾಜ್ಯದೊಂದಿಗೆ ಸೇರುವ ದಿನ. ನವೆಂಬರ್ ಒಂದು. ಊರೆಲ್ಲ ಅದೇ ಮಾತು. ಕೆಲವರಿಗೆ ಸಂತೋಷ, ಕೆಲವರಿಗೆ ಸಂಕಟ, ನಮ್ಮ ಮಾವನವರಿಗೆ ಮಾತ್ರ ಪುಟದ ಚಿಂತೆ. ಇದನ್ನು ಹುಟ್ಟು ಎಂದು ಬರೆಯುವುದೋ, ಸಾವು ಎಂದು ಬರೆಯುವುದೋ? ಕಾಕನ ಅಂಗಡಿಯಲ್ಲಿ ಕೂತಿದ್ದ, ಮಿಲಿಟರಿಯಿಂದ ನಿವೃತ್ತರಾಗಿದ್ದ ಒಬ್ಬ ಕೊಡವ ಸುಬೇದಾರರು, ‘ನೀವೇ ಹೇಳಿ ರೈಟ್ರೇ, ಎಂತ ಬರೀತೀರಿ?’ ಎಂದು ಮೀಸೆ ತಿರುವಿದರು.

ಕಾಕ ತಕ್ಕಡಿ ಹಿಡಿದುಕೊಂಡೇ ತೀರ್ಪು ಕೊಟ್ಟರು. ‘ಮದುವೆ ಅಂತ ಬರೀರಿ! ಹುಡುಗಿ ಮನೆ ಬಿಟ್ಟು ಹೋಗುದಲ್ವಾ?’

‘ಹುಡುಗಿಗೆ ಅಳು ಬಂದ್ರೆ?’ ಎಂದರು ಸುಬೇದಾರರು.

‘ಮದುವೇಲಿ ಅಳದ ಹುಡುಗಿ ಉಂಟಾ ಮಾರಾಯ್ರೇ!’

ಸುಬೇದಾರರು ಛತ್ರಿ ಹಿಡಿದು ಎದ್ದು ಹೋದರು. ಹಿಂದಿನ ರಾತ್ರಿ ಮನೆಯಲ್ಲಿ ಅತ್ತೆಯವರು, ‘ನಾಳಿಕ್ಕೆ ಒಗ್ಗರಣೆ ಹಾಕ್ಲೋ ಬ್ಯಾಡ್ವೋ?’ ಎಂದಾಗ ಮಾವನವರು ಆ ದಿನದ ಪುಟ ತೆರೆದು ಮತ್ತೆ ಮುಚ್ಚಿದರು. ಆಮೇಲೆ, ‘ನಾನು ಮಡಿಕೇರಿಗೇ ಹೋಗ್ತೀನಿ’ ಎಂದರು. ‘ಜೀವಮಾನವೆಲ್ಲ ಲೋಕದ ಸಂಗತಿ ನನಗೆ ಬೆಲ್ಲದ ಪೊಟ್ಟಣದಲ್ಲೇ ಬಂತು. ಒಂದಾದ್ರೂ ಕಣ್ಣಾರೆ ನೋಡಿ ಬರೀಬೇಕು.’ ಅವರೊಬ್ಬರನ್ನೇ ಕಳಿಸಲು ಅತ್ತೆಯವರಿಗೆ ಧೈರ್ಯವಿಲ್ಲ. ಕಾವಲಿಗೆ ನಾನು.

ಮಾವನವರ ಮೈಮೇಲೆ ಮದುವೆಯ ಕರಿಕೋಟು, ಜೇಬಿನಲ್ಲಿ ಪೆನ್ನು, ಕಂಕುಳಲ್ಲಿ ಪುಸ್ತಕ. ಚೆಟ್ಟಳ್ಳಿಯ ದಾರಿಯ ಬಸ್ಸಿನಲ್ಲಿ ಮಡಿಕೇರಿ ತಲುಪಿ ಸಭೆಯ ಮೈದಾನಕ್ಕೆ ಬಂದರೆ, ಜನವೋ ಜನ! ನಮ್ಮ ಮಾವನವರೋ ಗಿಡ್ಡ ಆಳು. ಅವರಿಗೆ ಕಂಡದ್ದು ಬರೀ ಬೆನ್ನುಗಳು. ನಾನು ಒಂದು ಕಲ್ಲಿನ ಮೇಲೆ ಹತ್ತಿ ನಿಂತೆ.

‘ಏನ್ ಕಾಣ್ತದೆ ತಾಯಿ?’

‘ಒಂದು ಛತ್ರಿ, ಮಾವ.’

‘ಆಮೇಲೆ?’

‘ಇನ್ನೊಂದು ಛತ್ರಿ.’

ಬೇರೆ ಕಡೆಯಿಂದ ಮುಂದೆ ಹೋಗೋಣವೆಂದು ಒಂದು ಓಣಿಗೆ ತಿರುಗಿದೆವು. ಅಲ್ಲೊಂದು ಸಣ್ಣ ಸರ್ಕಾರಿ ಆಫೀಸು. ವಯಸ್ಸಾದ ಜವಾನನೊಬ್ಬ ಏಣಿ ಹತ್ತಿ, ಬಾಗಿಲ ಮೇಲಿನ ಬೋರ್ಡು ಬಿಚ್ಚುತ್ತಿದ್ದ. ಏಣಿ ಅಲ್ಲಾಡುತ್ತಿತ್ತು.

‘ಸ್ವಲ್ಪ ಹಿಡ್ಕೊಳ್ಳಿ ಸಾರ್, ಪುಣ್ಯ ಬರ್ತದೆ’ ಎಂದ.

ಮಾವನವರು ಪುಸ್ತಕ ನನ್ನ ಕೈಗಿಟ್ಟು ಏಣಿ ಹಿಡಿದರು. ತುಕ್ಕು ಹಿಡಿದ ಸ್ಕ್ರೂಗಳು, ಒಂದೂ ಜಗ್ಗುವುದಿಲ್ಲ. ಅಷ್ಟರಲ್ಲಿ ಆ ಕಡೆಯಿಂದ ಚಪ್ಪಾಳೆಯ ಸದ್ದು.

‘ಮಾವ, ಏನೋ ಆಯ್ತು! ಬನ್ನಿ, ಓಡಣ!’

‘ನಾ ಬಿಟ್ರೆ ಈ ಮನುಷ್ಯ ಬೀಳ್ತಾನಲ್ಲ ತಾಯಿ’ ಎಂದರು. ಕುತ್ತಿಗೆ ಮಾತ್ರ ಚಪ್ಪಾಳೆಯ ಕಡೆಗೆ ತಿರುಗಿತ್ತು. ಕೈ ಏಣಿಯ ಮೇಲೇ ಇತ್ತು. ಇನ್ನೊಂದು ಸಲ ಚಪ್ಪಾಳೆ. ಇನ್ನೊಂದು ಸ್ಕ್ರೂ.

ಕೊಡಗು ರಾಜ್ಯದ ಹೆಸರಿದ್ದ ಆ ಬೋರ್ಡನ್ನು ಕೊನೆಗೂ ಇಳಿಸಿದ ಜವಾನ, ಹೆಗಲ ಮೇಲಿನ ಚೌಕದಿಂದ ಅದನ್ನು ಚೆನ್ನಾಗಿ ಒರೆಸಿದ. ಮತ್ತೆ ತಾನೇ ನಾಚಿಕೊಂಡು, ‘ದಿನಾ ಒರೆಸ್ತಿದ್ದೆ ಸಾರ್. ರೂಢಿ’ ಎಂದ.

‘ಇದನ್ನ ಹಾಕಿದ್ದು ಯಾವ ದಿನ?’ ಎಂದು ಮಾವನವರು ಕೇಳಿದರು. ಬಿಡುತ್ತಾರೆಯೇ!

‘ನಾನೇ ಹಾಕಿದ್ದು ಸಾರ್. ದಿನ ನೆನಪಿಲ್ಲ. ಮಳೆ ಬರ್ತಿತ್ತು.’

ಮೈದಾನಕ್ಕೆ ಹೋದಾಗ ಜನ ಚದುರುತ್ತಿದ್ದರು. ಮಾವನವರು ನಾಲ್ಕು ಜನರನ್ನು ಏನಾಯಿತೆಂದು ಕೇಳಿದರು. ನಾಲ್ವರೂ ‘ಭಾಷಣ’ ಎಂದರು. ಮನೆಗೆ ಬಂದು ಬರೆದದ್ದು ಇಷ್ಟೇ: ‘ಈ ದಿನ ಕೊಡಗು ರಾಜ್ಯ ಮೈಸೂರು ರಾಜ್ಯದೊಂದಿಗೆ ಸೇರಿತು. ನಾನು ಏಣಿ ಹಿಡಿದಿದ್ದೆ.’ ಹುಟ್ಟೆಂದೂ ಇಲ್ಲ, ಸಾವೆಂದೂ ಇಲ್ಲ. ಅತ್ತೆಯವರು ಸಾರನ್ನು ಎರಡು ಪಾತ್ರೆಗೆ ಬಗ್ಗಿಸಿ ಒಂದಕ್ಕೆ ಮಾತ್ರ ಒಗ್ಗರಣೆ ಹಾಕಿದರು. ಯಾರಿಗೆ ಯಾವುದು ಬೇಕೋ ಅದನ್ನು ಉಣ್ಣಿ ಎಂದು!

ಅದಾಗಿ ನಾಲ್ಕೈದು ವರ್ಷಕ್ಕೆ ಮಾವನವರು ತೀರಿಕೊಂಡರು. ಹೆಚ್ಚು ದಿನ ಮಲಗಲಿಲ್ಲ. ಆಮೇಲೆ ನಮ್ಮ ಮನೆಯಲ್ಲೂ ಎಲ್ಲರ ಮನೆಯ ಹಾಗೆ ಸುಮ್ಮನೆ ಬೆಳಗಾಗತೊಡಗಿತು. ಕಾಫಿ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಕಾಫಿ ಗಿಡ ಹೂ ಬಿಡಿಸುವ ಹೂಮಳೆಯ ಕಾಲ. ಒಂದು ಬೆಳಿಗ್ಗೆ ಅಂಗಳದಲ್ಲಿ ಒಬ್ಬಳು ಬಂದು ನಿಂತಿದ್ದಳು. ಎಸ್ಟೇಟಿನ ಲೈನಿನವಳು, ಚೆಲ್ಲಮ್ಮ. ಒಗೆದ ಸೀರೆ, ತಲೆಯಲ್ಲಿ ಒಂದು ಹೂವು. ನಾನು ಹೊರಗೆ ಬಂದೊಡನೆ ಹೇಳಿದಳು:

‘ಅಮ್ಮಾ, ಇವತ್ತು ನನ್ನ ದಿವಸ.’

ನನಗೆ ತಿಳಿಯಲಿಲ್ಲ.

‘ರೈಟ್ರಯ್ಯ ಇರುವಾಗ ಚೆಕ್‌ರೋಲ್ ಹೊತ್ತಲ್ಲಿ ಎಲ್ಲಾರ ಮುಂದೆ ಓದ್ತಾ ಇದ್ರು. ಯಾರ ದಿವಸವೋ ಅವರದ್ದು. ವರ್ಷಾ ವರ್ಷಾ. ಹೊಸ ರೈಟ್ರಿಗೆ ಅದು ಗೊತ್ತಿಲ್ಲ. ಒಂದ್ಸಲ ಓದ್ತೀರಾ ಅಮ್ಮಾ?’

ಇದನ್ನು ಮಾವನವರು ಮನೆಯಲ್ಲಿ ಒಂದು ದಿನವೂ ಹೇಳಿರಲಿಲ್ಲ. ನಾನು ಒಳಗೆ ಹೋಗಿ ಪುಸ್ತಕ ತಂದೆ. ಆ ದಿನದ ಪುಟದಲ್ಲಿ ಒಬ್ಬ ಚಕ್ರವರ್ತಿಯ ಪಟ್ಟಾಭಿಷೇಕವಿತ್ತು. ಒಂದು ಹಡಗು ಮುಳುಗಿತ್ತು. ಅವೆರಡರ ನಡುವೆ, ಅದೇ ಮುತ್ತಿನಂಥ ಅಕ್ಷರದಲ್ಲಿ ಇವಳು ಇದ್ದಳು. ನಾನು ಜಗುಲಿಯ ಮೇಲೆ ಕೂತು ಬೆರಳಿಟ್ಟು ಓದಿದೆ. ‘ಈ ದಿನ, ಹೂಮಳೆ ಬಿದ್ದ ಮರುದಿನ, ಮೂರನೆಯ ಲೈನಿನಲ್ಲಿ ಮುನಿಯಮ್ಮನ ಮಗಳು ಚೆಲ್ಲಮ್ಮ ಹುಟ್ಟಿದಳು.’ ನನ್ನ ದನಿ ನನಗೇ ಕೇಳಿಸಲಿಲ್ಲ.

ಅತ್ತೆಯವರು ಯಾವಾಗ ಬಂದು ಬಾಗಿಲಿಗೆ ಒರಗಿ ನಿಂತಿದ್ದರೋ! ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಹೇಳಿದರು:

‘ಅಂಗಲ್ಲ ಮಗಾ. ಎದ್ದು ನಿಂತ್ಕೊಂಡು ಓದು. ಅವ್ರು ಕೂಗ್ತಿದ್ರಲ್ಲ, ಹಂಗೆ.’

ನಾನು ಎದ್ದು ನಿಂತೆ. ಎಸ್ಟೇಟಿನ ಅಂಗಳದ ಕೊನೆಯ ಸಾಲಿಗೂ ಕೇಳುವ ಹಾಗೆ ಕೂಗಿ ಓದಿದೆ. ‘ಚೆಲ್ಲಮ್ಮ’ ಎಂಬಲ್ಲಿಗೆ ಬಂದಾಗ ಅವಳು ನೆಟ್ಟಗೆ ನಿಂತು, ಸೆರಗು ಸರಿಮಾಡಿಕೊಂಡು, ಕೈ ಮೇಲೆತ್ತಿದಳು.

‘ಇದ್ದೀನಿ ರೈಟ್ರೇ!’